ಕಲ್ಲಿನಲ್ಲಿ ಕಂಡ ಗುರುತು ಯಾರದು?

ಜಡವಸ್ತುವಿಗೆ ಒಂದು ಉದಾಹರಣೆ ಕೊಡಿರೆಂದರೆ ನಾವು ಮೊದಲು ಹೆಸರಿಸುವುದು ಕಲ್ಲನ್ನೇ. ಮನಸ್ಸು ಕರಗದವನನ್ನು ಕಲ್ಲೆದೆಯವನೆನ್ನುತ್ತೇವೆ. ಯಾರ ಮಾತಿಗೂ ಅಲುಗದೆ ಕುಳಿತವನನ್ನು ಕಲ್ಲುಗುಂಡಿಗೆ ಹೋಲಿಸುತ್ತೇವೆ. ಜೀವಕ್ಕೂ ಕಲ್ಲಿಗೂ ನಡುವೆ ನಾವು ಎಳೆದಿರುವ ಗೆರೆ ಅಷ್ಟು ದಪ್ಪನಾದದ್ದು. ಹೀಗಿರುವಾಗ ಕಲ್ಲನ್ನು ಕುಟ್ಟಿ ಪುಡಿಮಾಡಿ, ಆ ಪುಡಿಯನ್ನು ನೀರಿನಲ್ಲಿ ಕಾಯಿಸಿ, ಆ ಕಷಾಯದಲ್ಲಿ ಜೀವದ ಮೂಲದ್ರವ್ಯವನ್ನು ಹುಡುಕುವ ಜನರೂ ಇದ್ದಾರೆಂದರೆ ಕೇಳುವವರಿಗೆ ವಿಚಿತ್ರವೆನಿಸಬಹುದು. ಅವರು ಹುಡುಕುವ ಪದಾರ್ಥಕ್ಕೆ ಅಮೈನೋ ಆಮ್ಲವೆಂದು ಹೆಸರು. ಭೂಮಿಯ ಹಳೆಯ ಶಿಲೆಗಳಲ್ಲಿ, ಚಂದ್ರನ ಮಣ್ಣಿನಲ್ಲಿ, ಆಕಾಶದಿಂದ ಬಿದ್ದ ಉಲ್ಕಾಶಿಲೆಗಳಲ್ಲಿ, ಎಲ್ಲೆಲ್ಲಿಯೂ ಅವರು ಇದನ್ನು ಹುಡುಕಿದ್ದಾರೆ. ಸಿಕ್ಕಿತೇ ಎಂದು ಕೇಳಿದರೆ, ಸಿಕ್ಕಿತು. ಸಿಗುವುದೇನೂ ಬಹಳ ಕಷ್ಟವಲ್ಲ; ಸಿಕ್ಕಿದ್ದು ಯಾರದೆಂದು ಹೇಳುವುದೇ ಕಷ್ಟ. ಆ ಕಷ್ಟದ ಕಥೆಯನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಮೈನೋ ಆಮ್ಲವೆಂದರೇನು? ನಮ್ಮ ಸ್ನಾಯು, ಚರ್ಮ, ಕೂದಲು, ಉಗುರು, ಹಾಲು ಒಡೆದಾಗ ಗಟ್ಟಿಯಾಗಿ ನಿಲ್ಲುವ ಭಾಗ, ಇವೆಲ್ಲ ಮುಖ್ಯವಾಗಿ ಪ್ರೋಟೀನಿನಿಂದ ಆದವು. ಪ್ರೋಟೀನೆಂಬುದು ಒಂದು ಉದ್ದನೆಯ ಮಾಲೆ. ಆ ಮಾಲೆಯ ಒಂದೊಂದು ಮಣಿಯೂ ಒಂದೊಂದು ಅಮೈನೋ ಆಮ್ಲ. ಮಣಿಗಳಲ್ಲಿ ಇಪ್ಪತ್ತು ಬಗೆ. ವರ್ಣಮಾಲೆಯ ಸುಮಾರು ಐವತ್ತು ಅಕ್ಷರಗಳಿಂದಲೇ ಪಂಪನ ಕಾವ್ಯವನ್ನೂ ಸಂತೆಯ ಲೆಕ್ಕವನ್ನೂ ಬರೆಯಬಹುದಾದಂತೆ, ಈ ಇಪ್ಪತ್ತು ಮಣಿಗಳನ್ನು ಬೇರೆ ಬೇರೆ ಕ್ರಮದಲ್ಲಿ ಪೋಣಿಸಿ ಪ್ರಕೃತಿಯು ಹುಲಿಯನ್ನೂ ಹುಲ್ಲನ್ನೂ ಕಟ್ಟಿದೆ. ಮಣಿಯ ರಚನೆಯಾದರೋ ಸರಳ. ನಡುವೆ ಒಂದು ಇಂಗಾಲದ ಪರಮಾಣು. ಅದಕ್ಕೆ ನಾಲ್ಕು ಕೈ. ಒಂದು ಕೈಯಲ್ಲಿ ಸಾರಜನಕವುಳ್ಳ ಅಮೈನೋ ಗುಂಪು, ಇನ್ನೊಂದರಲ್ಲಿ ಆಮ್ಲದ ಗುಂಪು, ಮೂರನೆಯದರಲ್ಲಿ ಜಲಜನಕ. ನಾಲ್ಕನೆಯ ಕೈ ಏನನ್ನು ಹಿಡಿದಿದೆಯೆಂಬುದರ ಮೇಲೆ ಅದರ ಹೆಸರು. ಅಲ್ಲಿಯೂ ಜಲಜನಕವೇ ಇದ್ದರೆ ಅದು ಗ್ಲೈಸೀನು, ಎಲ್ಲಕ್ಕಿಂತ ಚಿಕ್ಕದು.

ಇವು ಜೀವಿಗಳಲ್ಲಿರುವುದು ಸರಿ. ಕಲ್ಲಿನಲ್ಲಿ ಏಕೆ ಹುಡುಕಬೇಕು? ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಜೀವಿ ಅಳಿದ ಮೇಲೂ ಅದರ ಮಣಿಗಳು ಬಹುಕಾಲ ಉಳಿಯುತ್ತವೆ. 1954ರಲ್ಲಿ ಅಮೆರಿಕದ ಫಿಲಿಪ್ ಏಬಲ್‌ಸನ್ ಅವರು ಅತಿಪ್ರಾಚೀನ ಪಳೆಯುಳಿಕೆಗಳಲ್ಲಿ ಅಮೈನೋ ಆಮ್ಲಗಳನ್ನು ತೋರಿಸಿಕೊಟ್ಟರು. ಎಂದಮೇಲೆ ಕಲ್ಲು ಹಳೆಯ ಜೀವದ ಕಡತವಾಗಿರಬಹುದು. ಎರಡನೆಯ ಕಾರಣ ಇನ್ನೂ ಕುತೂಹಲಕರ. 1953ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ತರುಣ ವಿದ್ಯಾರ್ಥಿ ಸ್ಟ್ಯಾನ್ಲಿ ಮಿಲ್ಲರ್, ತನ್ನ ಗುರು ಹೆರಾಲ್ಡ್ ಯೂರಿಯವರ ಬಳಿ ಕೆಲಸಮಾಡುತ್ತ, ಮೀಥೇನ್, ಅಮೋನಿಯ, ಜಲಜನಕ ಮತ್ತು ನೀರಾವಿಗಳನ್ನು ಗಾಜಿನ ಬುರುಡೆಗಳಲ್ಲಿ ತುಂಬಿ ಅವುಗಳ ನಡುವೆ ವಿದ್ಯುತ್ತಿನ ಕಿಡಿ ಹಾಯಿಸಿದ. ಕೆಲವು ದಿನಗಳಲ್ಲಿ ನೀರು ಬಣ್ಣಕ್ಕೆ ತಿರುಗಿತು. ಪರೀಕ್ಷಿಸಿದಾಗ ಅದರಲ್ಲಿ ಗ್ಲೈಸೀನು, ಅಲನೀನು ಮುಂತಾದವು ಕಂಡುಬಂದವು. ಯಾವ ಜೀವಿಯ ಸಹಾಯವೂ ಇಲ್ಲದೆ ಜೀವದ ಮಣಿಗಳು ಹುಟ್ಟಿದ್ದವು! ಹಾಗಾದರೆ ಭೂಮಿಯಾಚೆಯ ಜಡಲೋಕದಲ್ಲಿಯೂ ಇವು ಹುಟ್ಟುತ್ತಿರಬಹುದೇ? ಅಲ್ಲಿಂದ ಬಿದ್ದ ಕಲ್ಲುಗಳೇ ಎಳೆಯ ಭೂಮಿಗೆ ಈ ಸಾಮಗ್ರಿಯನ್ನು ತಂದು ಸುರಿದಿರಬಹುದೇ? ಪ್ರಶ್ನೆ ಸಣ್ಣದಲ್ಲ. ನಾವು ಎಲ್ಲಿಂದ ಬಂದೆವೆಂಬುದರ ಉತ್ತರದ ಒಂದು ತುಣುಕು ಆ ಕಲ್ಲಿನ ಪುಡಿಯಲ್ಲಿದೆ.

ಹುಡುಕುವ ಕ್ರಮ ಒಂದು ಬಗೆಯ ಪಾಕಶಾಸ್ತ್ರವೇ ಸರಿ. ಕಲ್ಲಿನ ಪುಡಿಯನ್ನು ಶುದ್ಧವಾದ ನೀರಿನೊಡನೆ ಗಾಜಿನ ಕೊಳವೆಯಲ್ಲಿ ಹಾಕಿ, ಕೊಳವೆಯ ಬಾಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿ, 100 ಡಿಗ್ರಿ ಶಾಖದಲ್ಲಿ ಒಂದು ಹಗಲು ಒಂದು ರಾತ್ರಿ ಇಡುತ್ತಾರೆ. ಬಿಡಿಯಾಗಿರುವ ಮಣಿಗಳು ನೀರಿಗಿಳಿಯುತ್ತವೆ. ಇನ್ನೂ ಮಾಲೆಯಲ್ಲಿ ಸಿಕ್ಕಿಕೊಂಡಿರುವವನ್ನು ಬಿಡಿಸಲು ಆ ಸಾರವನ್ನು ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲದೊಡನೆ ಮತ್ತೆ ಕಾಯಿಸುತ್ತಾರೆ. ಲವಣಗಳನ್ನು ಸೋಸಿ ತೆಗೆದ ಮೇಲೆ ಉಳಿದದ್ದನ್ನು ಬಗೆಬಗೆಯಾಗಿ ಬೇರ್ಪಡಿಸಬೇಕು. ಇದಕ್ಕೆ ವರ್ಣರೇಖನವೆಂಬ ಉಪಾಯವಿದೆ. ಜಾತ್ರೆಗೆ ಒಟ್ಟಿಗೆ ಹೊರಟ ಹತ್ತು ಜನರಲ್ಲಿ ಒಬ್ಬನು ನೇರವಾಗಿ ದೇವಸ್ಥಾನಕ್ಕೆ ನಡೆದುಬಿಡುತ್ತಾನೆ. ಇನ್ನೊಬ್ಬನು ಬಳೆಯಂಗಡಿಯಲ್ಲಿಯೂ ಮಂಡಕ್ಕಿಯಂಗಡಿಯಲ್ಲಿಯೂ ನಿಂತು ನಿಂತು ಹೋಗುತ್ತಾನೆ. ಸಂಜೆಗೆ ಅವರು ದಾರಿಯುದ್ದಕ್ಕೂ ಚದುರಿ ಹೋಗಿರುತ್ತಾರೆ. ಹಾಗೆಯೇ ಒಂದೊಂದು ಅಮೈನೋ ಆಮ್ಲವೂ ಕಾಗದದ ಮೇಲೆಯೋ ರಾಳ ತುಂಬಿದ ಕೊಳವೆಯೊಳಗೋ ತನ್ನದೇ ವೇಗದಲ್ಲಿ ಸಾಗಿ ಬೇರೆಯಾಗುತ್ತದೆ. ಈ ವಿದ್ಯೆಯನ್ನು ಬೆಳೆಸಿದ ಮಾರ್ಟಿನ್ ಮತ್ತು ಸಿಂಜ್ ಅವರಿಗೆ 1952ರಲ್ಲಿ ನೊಬೆಲ್ ಪಾರಿತೋಷಿಕ ಬಂದಿತು. ಅಮೈನೋ ಆಮ್ಲಗಳನ್ನು ತಾನಾಗಿಯೇ ಬೇರ್ಪಡಿಸಿ ಅಳೆಯುವ ಯಂತ್ರವನ್ನು ರೂಪಿಸುವುದರಲ್ಲಿ ಮುಖ್ಯರಾದ ಮೂರ್ ಮತ್ತು ಸ್ಟೈನ್ ಅವರು ಪ್ರೋಟೀನಿನ ಮೇಲಣ ತಮ್ಮ ಕೆಲಸಕ್ಕಾಗಿ 1972ರಲ್ಲಿ ಅದೇ ಗೌರವವನ್ನು ಹಂಚಿಕೊಂಡರು.

ಬೇರ್ಪಟ್ಟರೂ ಅವು ಕಣ್ಣಿಗೆ ಕಾಣವು, ಬಣ್ಣವಿಲ್ಲದವು. ಅವನ್ನು ಕಾಣಿಸಲು ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಬೇಕು. 1910ರಲ್ಲಿ ಕೇಂಬ್ರಿಜ್ಜಿನಲ್ಲಿ ಸೀಗ್‌ಫ್ರೀಡ್ ರೂಹೆಮನ್ ಎಂಬುವರು ಇದನ್ನು ಮೊದಲು ತಯಾರಿಸಿದರು. ಅಮೈನೋ ಆಮ್ಲ ಇರುವ ಕಡೆ ಇದನ್ನು ಸಿಂಪಡಿಸಿ ಬಿಸಿಮಾಡಿದರೆ ನೇರಳೆ ಬಣ್ಣ ಅರಳುತ್ತದೆ. ಮಿಲ್ಲರ್ ತನ್ನ ಬುರುಡೆಯ ನೀರಿನಲ್ಲಿ ಜೀವದ ಮಣಿಗಳನ್ನು ಕಂಡದ್ದೂ ಈ ನೇರಳೆ ಮಚ್ಚೆಗಳ ರೂಪದಲ್ಲಿಯೇ.

ಈ ದ್ರವಕ್ಕೆ ಇನ್ನೊಂದು ಕಸುಬೂ ಉಂಟು. 1954ರಲ್ಲಿ ಇಬ್ಬರು ಸ್ವೀಡನ್ ದೇಶದ ವಿಜ್ಞಾನಿಗಳು, ಕಾಗದದ ಮೇಲೆ ಕಣ್ಣಿಗೆ ಕಾಣದಂತಿರುವ ಬೆರಳಚ್ಚನ್ನು ಇದರಿಂದ ಹೊರಗೆಡಹಬಹುದೆಂದು ಸೂಚಿಸಿದರು. ಅಂದಿನಿಂದ ಲೋಕದ ಪೊಲೀಸರೆಲ್ಲ ಇದನ್ನು ಬಳಸುತ್ತಿದ್ದಾರೆ. ನಮ್ಮ ಬೆವರಿನಲ್ಲಿ ಅಮೈನೋ ಆಮ್ಲಗಳಿವೆ. ಬೆರಳು ಸೋಕಿದೆಡೆಯಲ್ಲೆಲ್ಲ ಅವು ಅಂಟಿಕೊಳ್ಳುತ್ತವೆ. ಖಾಲಿ ಕಾಗದವೆಂದು ನಾವು ನಂಬಿದ್ದ ಹಾಳೆಯ ಮೇಲೆ ನಿನ್‌ಹೈಡ್ರಿನ್ ಬಿದ್ದೊಡನೆ ನೇರಳೆಯ ಸುರುಳಿ ಗೆರೆಗಳು ಮೂಡಿಬರುತ್ತವೆ. ಕಳ್ಳನ ಬೆರಳನ್ನು ತೋರುವ ಈ ದ್ರವ ವಿಜ್ಞಾನಿಯ ಬೆರಳನ್ನೂ ತೋರಿಸದೆ ಬಿಡುವುದೇ? ಇಲ್ಲಿಯೇ ಇರುವುದು ನಮ್ಮ ಕಥೆಯ ಗಂಟು.

ಹೊಲದ ಮಣ್ಣಿನ ಮಟ್ಟಿಗೆ ಈ ಗಂಟು ಅಷ್ಟಾಗಿ ಕಾಡುವುದಿಲ್ಲ. ಬೇರು, ಎಲೆ, ಹುಳು, ಸೂಕ್ಷ್ಮಜೀವಿ ಇವುಗಳಿಂದ ತುಂಬಿದ ಮಣ್ಣಿನಲ್ಲಿ ಒಟ್ಟು ಸಾರಜನಕದ ಸುಮಾರು ಮೂರನೆಯ ಒಂದು ಪಾಲು ಅಮೈನೋ ಆಮ್ಲಗಳ ರೂಪದಲ್ಲಿಯೇ ಇರುವುದುಂಟು. ಆ ಸಮೃದ್ಧಿಯಲ್ಲಿ ಒಂದು ಬೆರಳಿನ ಬೆವರು ಲೆಕ್ಕಕ್ಕೆ ಬಾರದು. ಆದರೆ ಅತಿಪ್ರಾಚೀನ ಶಿಲೆಯಲ್ಲಿಯೂ ಚಂದ್ರನ ಧೂಳಿನಲ್ಲಿಯೂ ಹುಡುಕುವುದು ನೂರು ಕೋಟಿಯಲ್ಲಿ ಕೆಲವೇ ಪಾಲುಗಳಷ್ಟನ್ನು. ತಲಾ ಹತ್ತು ಟನ್ ಅಕ್ಕಿ ಹೊತ್ತ ನೂರು ಲಾರಿಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳಲ್ಲೆಲ್ಲೋ ಬೆರೆತುಹೋದ ಒಂದು ಗ್ರಾಂ ವಸ್ತುವನ್ನು ಕಂಡುಹಿಡಿಯಿರೆಂದಂತೆ. ಈ ಮಟ್ಟದಲ್ಲಿ ಬೆರಳು ಬೆಟ್ಟವಾಗುತ್ತದೆ.

ಇದನ್ನು ಮನಗಂಡು 1965ರಲ್ಲಿ ಇಬ್ಬರು ಬೇರೆ ಬೇರೆಯಾಗಿ 'ನೇಚರ್' ಪತ್ರಿಕೆಯಲ್ಲಿ ಲೇಖನ ಬರೆದರು: ಅಮೆರಿಕದ ಹ್ಯಾಮಿಲ್ಟನ್ ಮತ್ತು ತಮ್ಮ ಸಹೋದ್ಯೋಗಿಯೊಡನೆ ಹುವಾನ್ ಓರೋ. ಅವರು ಪರೀಕ್ಷಿಸಿದ್ದು ಉಲ್ಕೆಯನ್ನಲ್ಲ, ಮನುಷ್ಯರ ಕೈಬೆರಳುಗಳನ್ನು. ಬೆರಳಿನಲ್ಲಿ ಯಾವ ಯಾವ ಅಮೈನೋ ಆಮ್ಲಗಳು ಎಷ್ಟೆಷ್ಟು ಇವೆಯೆಂದು ಪಟ್ಟಿಮಾಡಿದರು. ಅವುಗಳಲ್ಲಿ ಮುಂದಿದ್ದುದು ಸೆರೀನು. ಈ ಸೆರೀನು ಬಹುಕಾಲ ಬಾಳದ ವಸ್ತು. ಶಿಲೆಯಲ್ಲಿ ಯುಗಗಳ ಕಾಲ ಇರಲಾರದು. ಆದ್ದರಿಂದ ಹಳೆಯ ಕಲ್ಲೊಂದರಲ್ಲಿ ಸೆರೀನು ಎದ್ದು ಕಂಡರೆ ಕಲ್ಲಿಗಿಂತ ಮೊದಲು ಕೈಯನ್ನು ಸಂಶಯಿಸಬೇಕು. ಅದುವರೆಗೆ ಉಲ್ಕಾಶಿಲೆಗಳಲ್ಲಿ ಕಂಡೆವೆಂದು ವರದಿಯಾಗಿದ್ದ ಕೆಲವು ಪಟ್ಟಿಗಳನ್ನು ಈ ಬೆರಳಿನ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದಾಗ ಹೋಲಿಕೆ ಸಂಕೋಚ ತರುವಷ್ಟಿತ್ತು.

ಊರಿನ ಅಂಗಡಿಯಲ್ಲಿ ತುಪ್ಪ ಅಳೆಯುವವನು ಮೊದಲು ಬರಿಯ ಡಬ್ಬಿಯನ್ನು ತೂಗುತ್ತಾನೆ. ಬಳಿಕ ತುಪ್ಪ ತುಂಬಿ ತೂಗಿ ಡಬ್ಬಿಯ ತೂಕವನ್ನು ಕಳೆಯುತ್ತಾನೆ. ವಿಜ್ಞಾನಿಗಳು ಕಲಿತುಕೊಂಡದ್ದೂ ಇದನ್ನೇ. ಗಾಜಿನ ಪಾತ್ರೆಗಳನ್ನು 500 ಡಿಗ್ರಿ ಶಾಖದಲ್ಲಿ ರಾತ್ರಿಯೆಲ್ಲ ಸುಟ್ಟು ಅವುಗಳ ಮೈಮೇಲಣ ಜೈವಿಕ ಅಂಶವನ್ನೆಲ್ಲ ಕಳೆಯುತ್ತಾರೆ. ಹಾಗೆಯೇ ಸುಟ್ಟ ಕಲ್ಲಿನ ಪುಡಿಯೊಂದನ್ನು, ನಿಜವಾದ ಮಾದರಿಯ ಜೊತೆಜೊತೆಗೇ, ಅದೇ ನೀರು ಅದೇ ಆಮ್ಲ ಅದೇ ಕೈಗಳಿಂದ ಎಲ್ಲ ಹಂತಗಳಲ್ಲಿಯೂ ಹಾಯಿಸುತ್ತಾರೆ. ಕೊನೆಗೆ ಅದರಲ್ಲಿ ಏನು ಕಂಡಿತೋ ಅದು ಡಬ್ಬಿಯ ತೂಕ. ಆದರೆ ಮಾದರಿಯು ಪ್ರಯೋಗಶಾಲೆಗೆ ಬರುವ ಮೊದಲೇ ಮೈಲಿಗೆಯಾಗಿದ್ದರೆ? ಆಗ ಮಣಿಗಳನ್ನೇ ಕರೆದು ಸಾಕ್ಷಿ ಕೇಳಬೇಕಾಗುತ್ತದೆ.

ಈ ಸಾಕ್ಷ್ಯಗಳಲ್ಲಿ ಎಡ ಬಲದ ಸಾಕ್ಷ್ಯ ಬಹು ಸ್ವಾರಸ್ಯವಾದದ್ದು. ನಿಮ್ಮ ಎರಡು ಕೈಗಳನ್ನೂ ನೋಡಿಕೊಳ್ಳಿರಿ. ಬೆರಳು, ಅಂಗೈ, ಅಳತೆ ಎಲ್ಲವೂ ಒಂದೇ. ಆದರೂ ಒಂದು ಇನ್ನೊಂದರ ಕನ್ನಡಿಯ ಬಿಂಬ. ಎಡಗಾಲಿನ ಮೆಟ್ಟು ಬಲಗಾಲಿಗೆ ಒಗ್ಗದು. ಅಣುಗಳಲ್ಲಿಯೂ ಇಂಥ ಎಡ ಬಲಗಳಿವೆಯೆಂಬುದರ ಸುಳಿವನ್ನು 1848ರಲ್ಲಿ ಲೂಯಿ ಪಾಶ್ಚರ್ ಅವರು ಟಾರ್ಟಾರಿಕ್ ಆಮ್ಲದ ಲವಣವೊಂದರ ಹರಳುಗಳಲ್ಲಿ ಕಂಡರು. ಗ್ಲೈಸೀನೊಂದನ್ನು ಬಿಟ್ಟರೆ ಪ್ರೋಟೀನಿನ ಅಮೈನೋ ಆಮ್ಲಗಳೆಲ್ಲಕ್ಕೂ ಎಡಗೈಯ ರೂಪ, ಬಲಗೈಯ ರೂಪ ಎಂದು ಎರಡುಂಟು. ಮಿಲ್ಲರನ ಕಿಡಿಯಂತಹ ಜಡಕ್ರಿಯೆಗೆ ಪಕ್ಷಪಾತವಿಲ್ಲ. ಅದು ಎರಡನ್ನೂ ಸಮಸಮವಾಗಿ ತಯಾರಿಸುತ್ತದೆ. ಜೀವವು ಮಾತ್ರ ತನ್ನ ಪ್ರೋಟೀನುಗಳನ್ನು ಎಡಗೈಯ ಮಣಿಗಳಿಂದಲೇ ಪೋಣಿಸುತ್ತದೆ. ಏಕೆ ಹೀಗೆಂಬುದು ಇನ್ನೂ ಬಿಡಿಸದ ಒಗಟು. ಜೀವಿ ಸತ್ತ ಮೇಲೆ ಎಡಗೈಯ ಮಣಿಗಳು ಒಂದೊಂದಾಗಿ ಬಲಕ್ಕೆ ಹೊರಳುತ್ತ, ಲಕ್ಷಾಂತರ ವರ್ಷಗಳಲ್ಲಿ ಎರಡೂ ಸಮವಾಗುತ್ತವೆ. ಈ ಹೊರಳುವಿಕೆಯನ್ನು ಅಳೆದು ಹಳೆಯ ಚಿಪ್ಪು ಮೂಳೆಗಳ ವಯಸ್ಸನ್ನು ಅಂದಾಜುಮಾಡುವುದೂ ಉಂಟು.

ಅಣುವಿನ ಕೈ ಎಡವೋ ಬಲವೋ ಎಂದು ತಿಳಿಯುವುದು ಹೇಗೆ? ಕತ್ತಲೆಯಲ್ಲಿ ಯಾರೋ ಕೈ ಚಾಚಿದರೆ ನಾವು ನಮ್ಮ ಬಲಗೈಯಿಂದ ಕುಲುಕಿ ನೋಡಿದರಾಯಿತು: ಬಲಗೈಯಾದರೆ ಹೊಂದಿಕೊಳ್ಳುತ್ತದೆ, ಎಡಗೈಯಾದರೆ ತೊಡಕಾಗುತ್ತದೆ. ಅಂತೆಯೇ ಒಂದೇ ಕೈಯ ರೂಪವುಳ್ಳ ಬೇರೊಂದು ಅಣುವನ್ನು ಅಮೈನೋ ಆಮ್ಲಗಳಿಗೆ ಜೋಡಿಸಿದರೆ, ಹೊಂದಿದ ಜೋಡಿಯೂ ತೊಡಕಿನ ಜೋಡಿಯೂ ವರ್ಣರೇಖನದಲ್ಲಿ ಬೇರೆ ಬೇರೆ ಹೊತ್ತಿಗೆ ಹೊರಬರುತ್ತವೆ.

ಈ ಪರೀಕ್ಷೆಯ ಬಲ ಎಷ್ಟೆಂಬುದಕ್ಕೆ ಒಂದು ಪ್ರಸಂಗ. ದಕ್ಷಿಣ ಆಫ್ರಿಕದ ಫಿಗ್ ಟ್ರೀ ಶಿಲೆಗಳು 300 ಕೋಟಿ ವರ್ಷಗಳಿಗೂ ಹಳೆಯವು. 1968ರಲ್ಲಿ ಷಾಫ್, ಕ್ವೆನ್‌ವೋಲ್ಡೆನ್, ಬಾರ್ಗ್‌ಹೂರ್ನ್ ಎಂಬ ಮೂವರು ಇಂಥ ಪುರಾತನ ಶಿಲೆಗಳಲ್ಲಿ ಅಮೈನೋ ಆಮ್ಲಗಳಿವೆಯೆಂದು ಪ್ರಕಟಿಸಿದರು. ಜೀವದ ಬಹು ಹಳೆಯ ಸಹಿ ಸಿಕ್ಕಿತೆಂಬ ಆಸೆ ಹುಟ್ಟಿತು. ಮರುವರ್ಷ ಅದೇ ಕ್ವೆನ್‌ವೋಲ್ಡೆನ್ ಅವರು ಬೇರೆ ಸಂಗಡಿಗರೊಡನೆ ಫಿಗ್ ಟ್ರೀ ಶಿಲೆಯ ಮಣಿಗಳ ಕೈ ಹಿಡಿದು ನೋಡಿದರು. ಎಲ್ಲವೂ ಎಡಗೈಯವು. ಮೇಲುನೋಟಕ್ಕೆ ಇದು ಜೀವದ ಗುರುತೇ. ಆದರೆ 300 ಕೋಟಿ ವರ್ಷಗಳ ಬಳಿಕ ಎಡವು ಎಡವಾಗಿಯೇ ಉಳಿದಿರಲು ಸಾಧ್ಯವಿಲ್ಲ. ಮಣಿಗಳು ಕಲ್ಲಿನಷ್ಟು ಹಳೆಯವಲ್ಲ, ತೀರ ಈಚೆಗೆ ಕಲ್ಲಿನ ಸಂದಿಗಳಲ್ಲಿ ಇಳಿದು ಸೇರಿಕೊಂಡವು ಎಂದೇ ತೀರ್ಮಾನವಾಯಿತು. ತಾನು ಹಿಂದಿನ ವರ್ಷ ಕಂಡದ್ದನ್ನು ಮರುವರ್ಷ ತಾನೇ ಪರೀಕ್ಷೆಗೊಡ್ಡಿ ಕೈಬಿಡುವುದು ಸುಲಭವಾದ ಮಾತಲ್ಲ.

ಹಾಗೆ ಕೈಬಿಟ್ಟವರಿಗೆ ಅದೇ ವರ್ಷ ಬೇರೊಂದು ಕಲ್ಲು ಆಕಾಶದಿಂದಲೇ ಬಂದಿತು. 1969ರ ಸೆಪ್ಟೆಂಬರ್ 28, ಭಾನುವಾರ ಬೆಳಗ್ಗೆ ಸುಮಾರು 11 ಗಂಟೆಗೆ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಮರ್ಚಿಸನ್ ಎಂಬ ಊರಿನ ಮೇಲೆ ಬೆಂಕಿಯ ಉಂಡೆಯೊಂದು ಸಿಡಿದು ಕಪ್ಪು ಕಲ್ಲುಗಳ ಮಳೆಗರೆಯಿತು. ಒಂದು ತುಂಡು ಕೊಟ್ಟಿಗೆಯ ಮಾಡನ್ನು ತೂರಿ ಹುಲ್ಲಿನ ಮೇಲೆ ಬಿದ್ದಿತು. ಕಲ್ಲುಗಳಿಂದ ಸ್ಪಿರಿಟ್ಟಿನಂಥ ವಾಸನೆ ಬರುತ್ತಿತ್ತೆಂದು ಕಂಡವರು ಹೇಳಿದರು. ಒಟ್ಟು ನೂರು ಕಿಲೋಗ್ರಾಮಿಗೂ ಮಿಕ್ಕಿ ಸಂಗ್ರಹವಾಯಿತು. ಕಾಲವೂ ಕೂಡಿಬಂದಿತ್ತು. ಆಗ ಎರಡು ತಿಂಗಳ ಹಿಂದೆಯಷ್ಟೇ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟಿದ್ದನು. ಚಂದ್ರನ ಮಣ್ಣನ್ನು ಪರೀಕ್ಷಿಸಲೆಂದು ಕ್ಯಾಲಿಫೋರ್ನಿಯದ ಏಮ್ಸ್ ಸಂಶೋಧನ ಕೇಂದ್ರದಲ್ಲಿ ಅತ್ಯಂತ ಶುಚಿಯಾದ ಪ್ರಯೋಗಶಾಲೆ ಅಣಿಯಾಗಿತ್ತು. ಅಲ್ಲಿಯ ತಂಡದ ನಾಯಕರು ಸಿರಿಲ್ ಪೊನ್ನಂಪೆರುಮ, ಸಿಂಹಳದ ಗಾಲೆಯಲ್ಲಿ ಹುಟ್ಟಿ ಮದರಾಸು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನೋದಿ ಬಳಿಕ ರಸಾಯನಶಾಸ್ತ್ರಕ್ಕೆ ಹೊರಳಿದವರು. ಕ್ವೆನ್‌ವೋಲ್ಡೆನ್ ಅವರೂ ಆ ತಂಡದಲ್ಲಿದ್ದರು.

1970ರ ಡಿಸೆಂಬರಿನಲ್ಲಿ ಅವರ ವರದಿ ಬಂದಿತು. ಮರ್ಚಿಸನ್ ಕಲ್ಲಿನಲ್ಲಿ ಗ್ಲೈಸೀನು, ಅಲನೀನು, ವ್ಯಾಲೀನು, ಪ್ರೋಲೀನು, ಗ್ಲುಟಾಮಿಕ್ ಆಮ್ಲ ಇದ್ದವು. ಎಡ ಬಲಗಳು ಹೆಚ್ಚುಕಡಿಮೆ ಸಮವಾಗಿದ್ದವು. ಜೊತೆಗೆ ಭೂಮಿಯ ಪ್ರೋಟೀನುಗಳಲ್ಲಿ ಎಂದೂ ಕಾಣದ ಅಪರಿಚಿತ ಅಮೈನೋ ಆಮ್ಲಗಳೂ ಇದ್ದವು. ಯಾವ ಬೆರಳೂ ಇವನ್ನು ಇಟ್ಟುಹೋಗಿರಲಾರದು. ಮುಂದಿನ ವರ್ಷಗಳಲ್ಲಿ ಮೂರನೆಯ ಸಾಕ್ಷಿಯೂ ದೊರೆಯಿತು: ಈ ಮಣಿಗಳಲ್ಲಿ ಭಾರವಾದ ಇಂಗಾಲ, ಭಾರವಾದ ಜಲಜನಕ ಇವು ಭೂಮಿಯ ಜೀವಿಗಳಲ್ಲಿರುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿದ್ದವು. ಕೈ, ಪರಿಚಯ, ತೂಕ, ಈ ಮೂರು ಸಾಕ್ಷ್ಯಗಳೂ ಒಂದೇ ಮಾತು ನುಡಿದ ಮೇಲೆ ಸಂಶಯಕ್ಕೆ ಎಡೆಯುಳಿಯಲಿಲ್ಲ. ಜೀವದ ಮಣಿಗಳು ಭೂಮಿಯಾಚೆಯೂ, ಜೀವವಿಲ್ಲದೆಯೂ ಹುಟ್ಟುತ್ತವೆ.

ಇಲ್ಲಿಗೆ ಸೂತ್ರವೊಂದು ಕೈಗೆ ಬಂದಿತೆಂದು ಭಾವಿಸುವಿರಾದರೆ ಸ್ವಲ್ಪ ತಾಳಬೇಕು. ಎಡ ಹೆಚ್ಚಿದ್ದರೆ ಜೀವ, ಸಮವಿದ್ದರೆ ಜಡ ಎಂಬುದು ಪೂರ್ತಿ ನಿಜವಲ್ಲ. ನಮ್ಮ ಹೊಲದ ಮಣ್ಣಿನಲ್ಲಿಯೇ ಬಲಗೈಯ ಅಲನೀನು ಸಿಗುತ್ತದೆ. ಬ್ಯಾಕ್ಟೀರಿಯಗಳು ತಮ್ಮ ಜೀವಕೋಶದ ಗೋಡೆಗೆ ಅದನ್ನು ಬಳಸುತ್ತವೆ. ಇನ್ನು 1997ರಲ್ಲಿ ಕ್ರೋನಿನ್ ಮತ್ತು ಪಿಝರೆಲ್ಲೊ ಎಂಬಿಬ್ಬರು ಮರ್ಚಿಸನ್ ಕಲ್ಲಿನ ಅಪರಿಚಿತ ಮಣಿಗಳಲ್ಲಿಯೇ ಕೆಲವು ತುಸು ಎಡಕ್ಕೆ ವಾಲಿವೆಯೆಂದು ತೋರಿಸಿದರು. ಜೀವವಿಲ್ಲದ ಕಡೆ ಈ ಎಡದ ಒಲವು ಎಲ್ಲಿಂದ ಬಂದಿತು? ವಾದ ಇನ್ನೂ ಮುಗಿದಿಲ್ಲ. ಒಬ್ಬನೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದೆಂಬುದು ಇದರಿಂದ ಸ್ಪಷ್ಟ.

ಚಂದ್ರನ ಮಣ್ಣಿನ ವ್ಯಾಜ್ಯವನ್ನು ನೋಡಿರಿ. ಅಪೊಲೊ ಯಾತ್ರಿಕರು ತಂದ ಮಣ್ಣಿನಲ್ಲಿ ನೂರು ಕೋಟಿಗೆ ಕೆಲವು ಹತ್ತು ಪಾಲಿನಷ್ಟು ಅಮೈನೋ ಆಮ್ಲ ಇದೆಯೆಂದು ಎಪ್ಪತ್ತರ ದಶಕದ ಆರಂಭದಲ್ಲಿಯೇ ಕೆಲವರು ಕಂಡಿದ್ದರು. ಎಲ್ಲಿಂದ ಬಂದಿತು? ಆರೋಪಿಗಳು ನಾಲ್ವರು: ಸೂರ್ಯನಿಂದ ಬೀಸುವ ಕಣಗಳು ಮಣ್ಣಿನಲ್ಲಿ ನೆಟ್ಟ ಮೂಲದ್ರವ್ಯ, ಚಂದ್ರನ ಮೇಲೆ ಬಿದ್ದ ಉಲ್ಕೆಗಳು, ಇಳಿಯುವಾಗ ನೌಕೆಯ ಎಂಜಿನ್ನು ಉಗುಳಿದ ಹೊಗೆ, ಮತ್ತು ಭೂಮಿಯ ಕೊಳೆ. ಅಂದಿನ ಉಪಕರಣಗಳಿಗೆ ಇದನ್ನು ತೀರ್ಮಾನಿಸುವ ಶಕ್ತಿ ಇರಲಿಲ್ಲ. ಮಾದರಿಗಳನ್ನು ಕಾಪಾಡಿ ಇಟ್ಟರು. 2016ರಲ್ಲಿ ಜೇಮೀ ಎಲ್ಸಿಲ ಮತ್ತು ಅವರ ಸಂಗಡಿಗರು ಅಪೊಲೊ 16 ಮತ್ತು 17ರ ಮಣ್ಣನ್ನು ಮತ್ತೆ ಪರೀಕ್ಷಿಸಿ ವರದಿ ಕೊಟ್ಟರು. ನೌಕೆಯ ಅಡಿಯಲ್ಲಿಯೇ ತೆಗೆದ ಮಣ್ಣಿನಲ್ಲಿಯೂ ಅಲ್ಲಿಂದ ಆರು ಕಿಲೋಮೀಟರಿಗೂ ದೂರದ ಮಣ್ಣಿನಲ್ಲಿಯೂ ಹೆಚ್ಚಿನ ಭೇದವಿರಲಿಲ್ಲ; ಹೊಗೆ ನಿರ್ದೋಷಿಯಾಯಿತು. ಹೆಚ್ಚು ಕಾಲ ಸೂರ್ಯನಿಗೆ ಮೈಯೊಡ್ಡಿದ ಮಣ್ಣಿನಲ್ಲಿ ಹೆಚ್ಚು ಅಮೈನೋ ಆಮ್ಲವಿರಲಿಲ್ಲ, ಸೂರ್ಯನೂ ನಿರ್ದೋಷಿ. ಎಡಗೈಯ ಮಣಿಗಳು ಹೆಚ್ಚಾಗಿದ್ದವು, ಅವುಗಳ ಇಂಗಾಲವೂ ಭೂಮಿಯ ಇಂಗಾಲದಂತೆಯೇ ಇತ್ತು. ಉಲ್ಕೆಗಳ ಪಾಲು ಕೊಂಚ ಇರಬಹುದಾದರೂ ಬಹುಪಾಲು ನಮ್ಮದೇ ಕೊಳೆ. ಚಂದ್ರನಲ್ಲಿ ಕಂಡದ್ದು ಮುಖ್ಯವಾಗಿ ನಮ್ಮ ಗುರುತನ್ನೇ ಎಂದು ತಿಳಿಯಲು ನಾಲ್ಕು ದಶಕಗಳಿಗೂ ಮಿಕ್ಕಿ ಹಿಡಿಯಿತು.

ಕೊಳೆಯೆಂದರೆ ಬೆವರೊಂದೇ ಅಲ್ಲ. ಮಾದರಿಗಳನ್ನು ತುಂಬಿಡುವ ನೈಲಾನ್ ಚೀಲವೂ ಅಪರಾಧಿಯಾಗಬಲ್ಲದು. ಒಂದು ಬಗೆಯ ನೈಲಾನ್ ಆಮ್ಲದಲ್ಲಿ ಕಾದಾಗ ಬಿಡಿಬಿಡಿಯಾಗಿ ತಾನೇ ಒಂದು ಅಮೈನೋ ಆಮ್ಲವಾಗುತ್ತದೆ. ಸ್ಟಾರ್‌ಡಸ್ಟ್ ನೌಕೆ 'ವಿಲ್ಟ್ 2' ಎಂಬ ಧೂಮಕೇತುವಿನ ಕಣಗಳನ್ನು 2006ರಲ್ಲಿ ತಂದಾಗ ಅದರಲ್ಲಿ ಈ ನೈಲಾನಿನ ಕೂಸೂ ಇತ್ತು, ಗ್ಲೈಸೀನೂ ಇತ್ತು. ಗ್ಲೈಸೀನಿಗೆ ಎಡ ಬಲಗಳಿಲ್ಲ. ಆದ್ದರಿಂದ ಕೈ ಹಿಡಿದು ನೋಡುವಂತಿಲ್ಲ. ಇಂಗಾಲದ ತೂಕವೊಂದೇ ಗತಿ. ಅತ್ಯಲ್ಪ ವಸ್ತುವಿನಲ್ಲಿ ಆ ಅಳತೆಯನ್ನು ಸಾಧಿಸಲು ಮೂರು ವರ್ಷ ಬೇಕಾಯಿತು. 2009ರಲ್ಲಿ ಉತ್ತರ ಬಂದಿತು: ನೈಲಾನಿನ ಇಂಗಾಲ ಭೂಮಿಯದು, ಗ್ಲೈಸೀನಿನ ಇಂಗಾಲ ಆಕಾಶದ್ದು.

ಈ ಪಾಠಗಳನ್ನೆಲ್ಲ ಕಂಠಪಾಠ ಮಾಡಿಕೊಂಡೇ ಹೊರಟದ್ದು ಒಸೈರಿಸ್-ರೆಕ್ಸ್ ಎಂಬ ನೌಕೆ. ಬೆನ್ನು ಎಂಬ ಕ್ಷುದ್ರಗ್ರಹದ ಮಣ್ಣನ್ನು ತರಲೆಂದು 2016ರಲ್ಲಿ ಅದನ್ನು ಹಾರಿಸಿದರು. ಕಟ್ಟುವಾಗಲೇ ನೈಲಾನಿಗೆ ನಿಷೇಧ. ಮಣ್ಣು ತೆಗೆಯುವ ಭಾಗದ ಮೇಲೆ ಚದರ ಸೆಂಟಿಮೀಟರಿಗೆ 180 ನ್ಯಾನೋಗ್ರಾಮಿಗಿಂತ ಹೆಚ್ಚು ಅಮೈನೋ ಆಮ್ಲ ಇರಬಾರದೆಂದು ಮಿತಿ ಹಾಕಿದರು. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗ. ಬಳಸಿದ ವಸ್ತುಗಳ ತುಣುಕುಗಳನ್ನು ಮುಂದೆ ಹೋಲಿಸಿ ನೋಡಲೆಂದು ಭೂಮಿಯಲ್ಲಿ ಜೋಪಾನವಾಗಿಟ್ಟರು. ದಾರಿಯ ಕೊಳೆಗೆ ಸಾಕ್ಷಿಯಾಗಿರಲೆಂದು ಸಣ್ಣ ಫಲಕಗಳನ್ನು ಜೊತೆಯಲ್ಲಿ ಕಳುಹಿಸಿದರು. 2023ರ ಸೆಪ್ಟೆಂಬರ್ 24ರಂದು ಯೂಟಾದ ಮರುಭೂಮಿಯಲ್ಲಿ ಇಳಿದ ಪೆಟ್ಟಿಗೆಯಲ್ಲಿ 121.6 ಗ್ರಾಂ ಮಣ್ಣಿತ್ತು. ಅದನ್ನು ಭೂಮಿಯ ಗಾಳಿ ಸೋಕದಂತೆ ಶುದ್ಧ ಸಾರಜನಕದಲ್ಲಿ ಇಟ್ಟರು. 2025ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಒಟ್ಟು 33 ಅಮೈನೋ ಆಮ್ಲಗಳು, ನಮ್ಮ ಪ್ರೋಟೀನುಗಳ ಇಪ್ಪತ್ತರಲ್ಲಿ 14, ಎಡ ಬಲಗಳು ಸಮಸಮ. ಆಕಾಶದ ಕಲ್ಲು ಎಳೆಯ ಭೂಮಿಗೆ ಎಡದ ಮಣಿಗಳನ್ನೇ ಹೆಚ್ಚಾಗಿ ತಂದು ಜೀವಕ್ಕೆ ಆ ಒಲವನ್ನು ಕಲಿಸಿತೆಂದು ನಂಬಿದ್ದವರಿಗೆ ಈ ಸಮತೆ ನಿರಾಶೆ ತಂದಿತು. ಆದರೆ ಮಾದರಿ ಶುದ್ಧವಾಗಿದ್ದುದರಿಂದಲೇ ಆ ನಿರಾಶೆಗೂ ಬೆಲೆಯುಂಟು.

ಜಪಾನಿನ ಹಯಬುಸ 2 ನೌಕೆ 2020ರಲ್ಲಿ ತಂದ ರ್ಯೂಗು ಕ್ಷುದ್ರಗ್ರಹದ ಕಣಗಳ ಅಮೈನೋ ಆಮ್ಲಗಳೂ ಹೀಗೆಯೇ ಸಮವಾಗಿದ್ದವು. ಆದರೆ ಅದರ ಒಂದು ಕಣದ ಮೇಲೆ ಲಂಡನ್ನಿನಲ್ಲಿ ಸೂಕ್ಷ್ಮಜೀವಿಗಳ ಎಳೆಗಳು ಕಂಡವೆಂದು 2024ರಲ್ಲಿ ವರದಿಯಾಯಿತು. ಅವು ದಿನದಿನಕ್ಕೆ ಹೆಚ್ಚಿ ಬಳಿಕ ಕುಗ್ಗಿದ ಬಗೆಯಿಂದ, ಭೂಮಿಗೆ ಬಂದ ಮೇಲೆ ಅಂಟಿ ಬೆಳೆದವೆಂದು ಅವನ್ನು ಕಂಡವರೇ ಸಾರಿದರು. ಅಷ್ಟು ಕಾವಲಿನ ನಡುವೆಯೂ ನಮ್ಮ ಲೋಕ ಒಳನುಗ್ಗಿತ್ತು.

ಹಾಗೆಂದು ಕಂಡದ್ದನ್ನೆಲ್ಲ ನಮ್ಮದೇ ಕೊಳೆಯೆಂದು ತಳ್ಳಿಬಿಡುವುದೂ ಕ್ಷೇಮವಲ್ಲ. 1976ರಲ್ಲಿ ಎರಡು ವೈಕಿಂಗ್ ನೌಕೆಗಳು ಮಂಗಳಗ್ರಹದಲ್ಲಿಳಿದು ಅಲ್ಲಿಯ ಮಣ್ಣನ್ನು 500 ಡಿಗ್ರಿಯವರೆಗೆ ಕಾಯಿಸಿ ಜೈವಿಕ ಸಂಯುಕ್ತಗಳನ್ನು ಹುಡುಕಿದವು. ಕ್ಲೋರಿನ್ ಬೆರೆತ ಒಂದೆರಡು ಸರಳ ಸಂಯುಕ್ತಗಳ ಸೋಂಕು ಮಾತ್ರ ಕಂಡಿತು. ಉಪಕರಣ ತೊಳೆದ ದ್ರಾವಕದ ಶೇಷವಿರಬೇಕೆಂದು ಅದನ್ನು ಬದಿಗಿಟ್ಟರು. 2008ರಲ್ಲಿ ಫೀನಿಕ್ಸ್ ನೌಕೆಯು ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣಗಳಿರುವುದನ್ನು ಕಂಡುಹಿಡಿಯಿತು. ಇವು ಕಾದರೆ ಪಕ್ಕದ ಜೈವಿಕ ವಸ್ತುವನ್ನು ಸುಟ್ಟುಬಿಡುತ್ತವೆ, ಉಳಿದದ್ದಕ್ಕೆ ಕ್ಲೋರಿನ್ ಬೆರೆಸುತ್ತವೆ. ಅಂದು ಕೊಳೆಯೆಂದು ಬಿಟ್ಟದ್ದು ಮಂಗಳದ್ದೇ ಆಗಿದ್ದಿರಬಹುದೇ ಎಂಬ ಚರ್ಚೆ ಎದ್ದಿತು. ನಮ್ಮ ಗುರುತನ್ನು ಅನ್ಯರದೆನ್ನುವುದು ಒಂದು ತಪ್ಪು. ಅನ್ಯರ ಗುರುತನ್ನು ನಮ್ಮದೆಂದು ಅಳಿಸುವುದು ಇನ್ನೊಂದು. ಎರಡರಿಂದಲೂ ಪಾರಾಗಲು ಇರುವ ದಾರಿ ಒಂದೇ: ನಮ್ಮ ಗುರುತು ಎಂಥದೆಂದು ಹೊರಡುವ ಮೊದಲೇ ಚೆನ್ನಾಗಿ ಅರಿತಿರುವುದು.

2021ರ ಫೆಬ್ರವರಿಯಲ್ಲಿ ಮಂಗಳದಲ್ಲಿಳಿದ ಪರ್ಸೆವೆರೆನ್ಸ್ ಬಂಡಿಯು ಅಲ್ಲಿಯ ಕಲ್ಲು ಮಣ್ಣುಗಳನ್ನು ಸಣ್ಣ ಲೋಹದ ಕೊಳವೆಗಳಲ್ಲಿ ತುಂಬಿ ಬಿಗಿಯಾಗಿ ಮುಚ್ಚಿದೆ. ಅದರ ಜೊತೆ ಹೋದ ಕೊಳವೆಗಳು 43. ಅವುಗಳಲ್ಲಿ ಐದರೊಳಗೆ ಮಂಗಳದ ಕಲ್ಲನ್ನು ತುಂಬುವ ಉದ್ದೇಶವೇ ಇಲ್ಲ. ಅವು ಸಾಕ್ಷಿಕೊಳವೆಗಳು. ಕಲ್ಲು ತೆಗೆಯುವ ಕೆಲಸವೆಲ್ಲ ಅವುಗಳಲ್ಲಿಯೂ ನಡೆಯುತ್ತದೆ, ಕಲ್ಲೊಂದನ್ನು ಬಿಟ್ಟು. ಬಂಡಿ ಭೂಮಿಯಿಂದ ಹೊತ್ತುತಂದ ಕೊಳೆಯಷ್ಟೇ ಅವುಗಳಿಗೆ ಅಂಟುತ್ತದೆ. ಕೋಟ್ಯಂತರ ಮೈಲಿ ದೂರಕ್ಕೆ, ಒಂದೊಂದು ಗ್ರಾಮಿನ ಭಾರವನ್ನೂ ಲೆಕ್ಕ ಹಾಕಿ ಕಳುಹಿಸುವ ಯಾತ್ರೆಯಲ್ಲಿ ಐದು ಬರಿಯ ಡಬ್ಬಿಗಳನ್ನು ಹೊರಿಸಿ ಕಳುಹಿಸಿದ್ದಾರೆ. ಆ ಕೊಳವೆಗಳು ಎಂದಾದರೂ ಭೂಮಿಗೆ ಬಂದರೆ, ಕಲ್ಲಿರುವ ಕೊಳವೆ ಹೇಳುವ ಮಾತನ್ನು ನಂಬಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಆ ಬರಿಯ ಡಬ್ಬಿಗಳ ತೂಕವೇ.